ನೀರಿನ ಅಂಚಿನ ಬಸ್ತಿಗಳು: ಬಾಲಾನಗರದ ನಾಲಾ ದಂಡೆಯಿಂದ ಕನ್ನಡ ಕರಾವಳಿಯವರೆಗೆ

ಕೆರೆ, ಹೊಳೆ, ಸಮುದ್ರಗಳ ಅಂಚಿನ ಜೌಗು ನೆಲಕ್ಕೆ ಮಣ್ಣು, ಕಲ್ಲು, ಕಟ್ಟಡದ ಅವಶೇಷಗಳನ್ನು ಸುರಿದು ಅದನ್ನು ನಿವೇಶನವನ್ನಾಗಿ ಮಾರ್ಪಡಿಸುವ ಕೆಲಸ ಭಾರತದ ಬಹುತೇಕ ದೊಡ್ಡ ನಗರಗಳ ಬೆಳವಣಿಗೆಯ ಭಾಗವಾಗಿದ್ದು, ಮುಂಬಯಿಯ ಏಳು ದ್ವೀಪಗಳು ಒಂದಾದದ್ದೂ ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದದ್ದೂ ಇದೇ ಕ್ರಿಯೆಯಿಂದ. ಹೀಗೆ ದೊರೆತ ನೆಲವನ್ನು ಈ ಉಪನ್ಯಾಸದಲ್ಲಿ ತುಂಬುನೆಲ ಎಂದು ಕರೆಯಲಾಗಿದೆ. ತುಂಬುನೆಲದ ಚರಿತ್ರೆಯನ್ನು ಎಂಜಿನಿಯರಿಂಗ್ ಸಾಧನೆಯ ಕಥನವಾಗಿ ಇಲ್ಲವೇ ಪರಿಸರ ನಾಶದ ಕಥನವಾಗಿ ಬರೆಯುವುದು ವಾಡಿಕೆಯಾಗಿದ್ದು, ನೀರಿನ ಅಂಚಿನಲ್ಲಿ ಬದುಕು ಕಟ್ಟಿಕೊಂಡ ಬಡವರ ಕೇರಿಗಳ ಕಡೆಯಿಂದ ಅದನ್ನು ನೋಡಿದ್ದು ಕಡಿಮೆ. ಆ ಕಡೆಯಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೆರೆಯನ್ನು ತುಂಬುವಾಗ ಕಸುಬು ಕಳೆದುಕೊಂಡವರೂ, ಒಂದೆರಡು ತಲೆಮಾರಿನ ನಂತರ ಅದೇ ಕೆರೆಯನ್ನು ಉಳಿಸುವ ಕಾರ್ಯದಲ್ಲಿ ಮನೆ ಕಳೆದುಕೊಂಡವರೂ ಬಹುಮಟ್ಟಿಗೆ ಒಂದೇ ವರ್ಗದ ಜನ. ತುಂಬಿದ್ದರಿಂದ ಲಾಭ ಪಡೆದವರು ಈ ಎರಡೂ ಸಂದರ್ಭಗಳಲ್ಲಿ ಸುರಕ್ಷಿತರಾಗಿಯೇ ಉಳಿದಿರುತ್ತಾರೆ. ಹೈದರಾಬಾದಿನ ವಾಯವ್ಯ ಭಾಗದ ಕೈಗಾರಿಕಾ ಪ್ರದೇಶವಾದ ಬಾಲಾನಗರವನ್ನೂ ಅದರ ಸುತ್ತಲಿನ ನಾಲಾ ದಂಡೆಯ ಬಸ್ತಿಗಳನ್ನೂ, ಅಂದರೆ ಬಡವರ ಕೇರಿಗಳನ್ನೂ ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಸಮುದ್ರದಿಂದ ನೂರಾರು ಕಿಲೊಮೀಟರ್ ದೂರದಲ್ಲಿ ದಖನ್ನಿನ ಬಂಡೆನೆಲದ ಮೇಲಿರುವ ಊರನ್ನು ಕರಾವಳಿಯ ಪ್ರಶ್ನೆಯೊಡನೆ ಜೋಡಿಸುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕರಾವಳಿಯ ಮೀನುಗಾರರ ಕೇರಿ ಎದುರಿಸುವ ಇಕ್ಕಟ್ಟೂ ಒಳನಾಡಿನ ಕೆರೆಯಂಚಿನ ಬಸ್ತಿ ಎದುರಿಸುವ ಇಕ್ಕಟ್ಟೂ ಮೂಲದಲ್ಲಿ ಒಂದೇ. ಎರಡೂ ಕಡೆ ನೀರಿನ ಮಟ್ಟ ಋತುಮಾನದೊಂದಿಗೆ ಏರಿಳಿಯುತ್ತದೆ, ಎರಡೂ ಕಡೆ ಜನರ ಬಳಕೆಯ ಹಕ್ಕು ಕಾಗದದಲ್ಲಿರದೆ ರೂಢಿಯಲ್ಲಿರುತ್ತದೆ, ಎರಡೂ ಕಡೆ ಎಲ್ಲಿಂದ ನೀರು ಮತ್ತು ಎಲ್ಲಿಂದ ನೆಲ ಎಂಬ ಗೆರೆಯನ್ನು ದೂರದ ಕಚೇರಿಯೊಂದು ಎಳೆಯುತ್ತದೆ. ಕನ್ನಡಿಗರಿಗೆ ಬಾಲಾನಗರ ಪರಕೀಯವಾದ ಸ್ಥಳವೂ ಅಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ನಂತರವೂ ಬೀದರ್ ಕಡೆಯಿಂದ ಕೆಲಸ ಅರಸಿ ಹೊರಟವರು ಜಹೀರಾಬಾದ್, ಪಟಾನ್‌ಚೆರು, ಕೂಕಟ್‌ಪಲ್ಲಿ, ಮೂಸಾಪೇಟೆಗಳ ಮೂಲಕ ನಗರವನ್ನು ಪ್ರವೇಶಿಸುವ ಹೆದ್ದಾರಿಯೂ ಬದಲಾಗಲಿಲ್ಲ, ಆ ಹೆದ್ದಾರಿಯ ಮಗ್ಗುಲಿಗೇ ಇದ್ದ ಬಾಲಾನಗರದ ಕಾರ್ಖಾನೆಗಳ ಆಕರ್ಷಣೆಯೂ ಕಡಿಮೆಯಾಗಲಿಲ್ಲ.

ಈ ಪ್ರದೇಶದ ನೀರಿನ ವ್ಯವಸ್ಥೆಯನ್ನು ಅರಿಯದೆ ಇಲ್ಲಿನ ಬಸ್ತಿಗಳನ್ನು ಅರಿಯುವುದು ಸಾಧ್ಯವಿಲ್ಲ. ತೆಲಂಗಾಣದ ಕೆರೆಗಳು ಬಿಡಿಬಿಡಿಯಾಗಿ ಇರುವಂಥವಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಸಾಗಿ ಕೆಳಗಿನ ಕೆರೆಯನ್ನು ಸೇರುವಂತೆ ಒಂದರ ಹಿಂದೊಂದು ಕಟ್ಟಿದ ಈ ವ್ಯವಸ್ಥೆಯನ್ನು ತೆಲುಗಿನಲ್ಲಿ ಗೊಲುಸುಕಟ್ಟು ಚೆರುವುಗಳು, ಅಂದರೆ ಸರಪಳಿ ಕೆರೆಗಳು ಎನ್ನುತ್ತಾರೆ. ಕುತುಬುಲ್ಲಾಪುರ, ಜೀಡಿಮೆಟ್ಲ, ಕೂಕಟ್‌ಪಲ್ಲಿಗಳ ಎತ್ತರದ ನೆಲದ ಮಳೆನೀರು ಇಂಥ ಹಲವು ಕೆರೆಗಳನ್ನು ತುಂಬಿಸಿ, ಬಾಲಾನಗರ, ಫತೇನಗರ, ಬೇಗಂಪೇಟೆಗಳ ಮೂಲಕ ಹರಿದು, 1562ರ ಸುಮಾರಿಗೆ ಇಬ್ರಾಹಿಂ ಕುಲಿ ಕುತುಬ್ ಷಾಹನ ಕಾಲದಲ್ಲಿ ನಿರ್ಮಾಣಗೊಂಡ ಹುಸೇನ್ ಸಾಗರವನ್ನು ಸೇರುತ್ತದೆ. ಈ ಹರಿವಿನ ಹಾದಿಯೇ ಇಂದಿನ ಕೂಕಟ್‌ಪಲ್ಲಿ ನಾಲಾ. ಮೂಸಾಪೇಟೆಯ ಕಾಮುನಿ ಚೆರುವು ಮತ್ತು ಮೈಸಮ್ಮ ಚೆರುವು, ಹಳೆಯ ಬೋಯಿನಪಲ್ಲಿಯ ಕಡೆ ಬೋಯಿನ ಚೆರುವು ಎಂದೂ ಕರೆಸಿಕೊಳ್ಳುವ ಹಸ್ಮತ್‌ಪೇಟೆ ಕೆರೆ, ಕೂಕಟ್‌ಪಲ್ಲಿಯ ನಲ್ಲಚೆರುವು ಇವೆಲ್ಲ ಈ ನೀರಿನ ಜಾಲಕ್ಕೆ ಸೇರಿದವು. ಹಸ್ಮತ್‌ಪೇಟೆಯಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿರುವುದನ್ನು ನೆನೆದರೆ, ಈ ನೆಲದಲ್ಲಿ ಜನವಸತಿ ಕುತುಬ್ ಷಾಹಿಗಳಿಗಿಂತ ಎಷ್ಟೋ ಹಿಂದಿನದು ಎಂಬುದು ತಿಳಿಯುತ್ತದೆ.

ಈ ಜಾಲದ ಮಹತ್ವವನ್ನು ಆಧುನಿಕ ಕಾಲದಲ್ಲಿ ಸ್ಪಷ್ಟವಾಗಿ ಕಂಡವರಲ್ಲಿ ಒಬ್ಬರು ಕನ್ನಡನಾಡಿನ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಮೇಲೆ ನಿಜಾಮ್ ಸರ್ಕಾರ ಅವರನ್ನು ಕರೆಸಿಕೊಂಡಿತು. 1909ರಲ್ಲಿ ಹೈದರಾಬಾದಿಗೆ ಬಂದ ಅವರು ಮಳೆಯ ಪ್ರಮಾಣವನ್ನಷ್ಟೇ ಅಲ್ಲದೆ ಜಲಾನಯನದ ಮೇಲ್ಭಾಗದಲ್ಲಿದ್ದ ನೂರಾರು ಕೆರೆಗಳ ಸ್ಥಿತಿಯನ್ನೂ ಪರಿಶೀಲಿಸಿ, ಅವುಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳ ಏರಿಗಳು ಒಡೆದದ್ದು ಪ್ರವಾಹವನ್ನು ಉಲ್ಬಣಗೊಳಿಸಿತು ಎಂಬುದನ್ನು ಗುರುತಿಸಿದರು. ಅವರ ಸಲಹೆಯಿಂದ ರೂಪುಗೊಂಡ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಜಲಾಶಯಗಳು 1920ರ ದಶಕದಲ್ಲಿ ಪೂರ್ಣಗೊಂಡವು. ನಗರದ ಪ್ರವಾಹವನ್ನು ನಗರದೊಳಗೆ ಗೋಡೆ ಕಟ್ಟಿ ತಡೆಯಲಾಗದು, ಮೇಲ್ಭಾಗದಲ್ಲಿ ನೀರಿಗೆ ನಿಲ್ಲಲು ಜಾಗ ಕೊಟ್ಟೇ ತಡೆಯಬೇಕು ಎಂಬುದು ಆ ಯೋಜನೆಯ ತಿರುಳು. ಮುಂದಿನ ಒಂದು ಶತಮಾನದಲ್ಲಿ ನಗರದ ವಾಯವ್ಯ ಭಾಗ ನಡೆದದ್ದು ಇದಕ್ಕೆ ತೀರಾ ವಿರುದ್ಧವಾದ ದಾರಿಯಲ್ಲಿ.

1960ರ ದಶಕದಲ್ಲಿ ಬಾಲಾನಗರದ ಸ್ವರೂಪ ಬದಲಾಯಿತು. 1961ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಔಷಧ ಸಂಸ್ಥೆ ಐಡಿಪಿಎಲ್ ಸೋವಿಯತ್ ನೆರವಿನಿಂದ ಇಲ್ಲಿ ನೂರಾರು ಎಕರೆಯಲ್ಲಿ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ತೆರೆಯಿತು. ಹಿಂದೂಸ್ತಾನ್ ಏರೊನಾಟಿಕ್ಸ್‌ನ ವಿಭಾಗವೂ 1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯೂ ಬಂದವು. ಇವುಗಳ ಸುತ್ತ ಲೇತ್ ಯಂತ್ರಗಳ ಸಣ್ಣ ವರ್ಕ್‌ಶಾಪ್‌ಗಳು, ಎರಕದ ಮನೆಗಳು, ಗುಜರಿ ಅಂಗಡಿಗಳು ಹಬ್ಬಿದವು. ದೊಡ್ಡ ಸಂಸ್ಥೆಗಳು ತಮ್ಮ ಕಾಯಂ ನೌಕರರಿಗೆ ಕಾಲೋನಿಗಳನ್ನು ಕಟ್ಟಿಕೊಟ್ಟವು. ಆದರೆ ಕಟ್ಟಡ ಕಟ್ಟಿದ ಕೂಲಿಗಳು, ಹಮಾಲಿಗಳು, ಗುತ್ತಿಗೆ ಕೆಲಸಗಾರರು, ಕಾಲೋನಿಯ ಮನೆಗಳಲ್ಲಿ ಮುಸುರೆ ತಿಕ್ಕಿದ ಹೆಂಗಸರು ಎಲ್ಲಿ ವಾಸಿಸಬೇಕೆಂಬುದನ್ನು ಯಾವ ಯೋಜನೆಯೂ ಹೇಳಲಿಲ್ಲ. ಅವರು ಕೆಲಸಕ್ಕೆ ನಡೆದು ಹೋಗಬಹುದಾದ, ಬೇರೆ ಯಾರೂ ಬಯಸದ ನೆಲವನ್ನು ಹುಡುಕಿಕೊಂಡರು, ಅದು ನಾಲಾದ ದಂಡೆ ಮತ್ತು ಕೆರೆಯ ಅಂಚಾಗಿತ್ತು. ಮಳೆಗಾಲದಲ್ಲಿ ನೀರು ನುಗ್ಗುವ ಭಯವೇ ಅಲ್ಲಿನ ಬಾಡಿಗೆಯನ್ನು ಕಡಿಮೆ ಇರಿಸಿತು. ಆ ಭಯ ಇಲ್ಲದಿದ್ದರೆ ಆ ನೆಲ ಅವರಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆತು, ಅಪಾಯದ ಜಾಗದಲ್ಲಿ ಏಕೆ ಮನೆ ಮಾಡಿಕೊಂಡರು ಎಂದು ಬಡವರನ್ನು ಪ್ರಶ್ನಿಸುವುದು ನ್ಯಾಯವಲ್ಲ.

ಕೆರೆ ನೆಲವಾಗುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಅದು ಒಂದು ರಾತ್ರಿಯಲ್ಲಿ ಲಾರಿಗಳು ಬಂದು ಮಣ್ಣು ಸುರಿದು ನಡೆಯುವ ಕೆಲಸವಲ್ಲ. ಮೊದಲು ಕೆರೆಗೆ ನೀರು ತರುವ ಕಾಲುವೆಯ ಮೇಲೆ ರಸ್ತೆಯೋ ಕಟ್ಟಡವೋ ಬಂದು ಒಳಹರಿವು ಕಡಿಮೆಯಾಗುತ್ತದೆ. ಕೆರೆಯ ಹಿನ್ನೀರಿನ ಭಾಗ ವರ್ಷದ ಹೆಚ್ಚು ಕಾಲ ಒಣಗಿ ನಿಲ್ಲುತ್ತದೆ. ನಂತರ ಕೋಡಿಯನ್ನು, ಅಂದರೆ ಹೆಚ್ಚುವರಿ ನೀರು ಹೊರಹೋಗುವ ಕಟ್ಟೆಯನ್ನು, ತಗ್ಗಿಸಲಾಗುತ್ತದೆ ಅಥವಾ ಒಡೆಯಲಾಗುತ್ತದೆ; ಕೋಡಿಯ ಎತ್ತರವೇ ಕೆರೆಯ ತುಂಬು ಮಟ್ಟವನ್ನು ನಿರ್ಧರಿಸುವುದರಿಂದ, ಒಂದೆರಡು ಅಡಿ ತಗ್ಗಿಸಿದರೂ ಇಳಿಜಾರು ಕಡಿಮೆಯಿರುವ ಹಿನ್ನೀರಿನ ಕಡೆ ಹಲವು ಎಕರೆ ನೆಲ ಹೊರಬೀಳುತ್ತದೆ. ಆಮೇಲೆ ಬರುವ ಸರ್ವೆಯವರು ಆ ದಿನದ ನೀರಿನ ಗಡಿಯನ್ನೇ ಕೆರೆಯ ಗಡಿಯೆಂದು ಗುರುತಿಸಿದರೆ ಅಲ್ಲಿಗೆ ಕೆಲಸ ಮುಗಿದಂತೆ. ಮೊರಂ ಮಣ್ಣನ್ನೂ ಕೆಡವಿದ ಕಟ್ಟಡಗಳ ಅವಶೇಷಗಳನ್ನೂ ಸುರಿಯುವುದು ಈ ಸರಣಿಯ ಕೊನೆಯ ಹಂತವಷ್ಟೇ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ನಿಜಾಮರ ಕಾಲದ ಕಂದಾಯ ದಾಖಲೆಗಳಿಂದ ಬಂದ ಶಿಕಂ ಎಂಬ ವರ್ಗ. ಕೆರೆಯ ತಳದ ನೆಲವನ್ನು ಶಿಕಂ ಎನ್ನುತ್ತಾರೆ. ಅದರಲ್ಲಿ ಒಂದಷ್ಟು ಸರ್ಕಾರದ್ದಾದರೆ, ಇನ್ನೊಂದಷ್ಟು ಶಿಕಂ ಪಟ್ಟಾ ಎಂಬ ಹೆಸರಿನಲ್ಲಿ ಖಾಸಗಿಯವರ ಒಡೆತನದಲ್ಲಿರುತ್ತದೆ. ನೀರು ಇಳಿದ ಕಾಲದಲ್ಲಿ ಉತ್ತು ಬಿತ್ತಿ ಬೆಳೆ ತೆಗೆಯಬಹುದು, ನೀರು ಏರಿದಾಗ ಬಿಟ್ಟುಕೊಡಬೇಕು, ಶಾಶ್ವತ ಕಟ್ಟಡ ಕಟ್ಟುವಂತಿಲ್ಲ ಎಂಬುದು ಅದರ ಷರತ್ತು. ಒಂದೇ ನೆಲವನ್ನು ಮೀನಿಗೂ ರೈತನಿಗೂ ಋತುವಿಗೆ ತಕ್ಕಂತೆ ಹಂಚಿದ ಈ ಏರ್ಪಾಡು ಬೇಸಾಯದ ಸಮಾಜದಲ್ಲಿ ವಿವೇಕದ್ದೇ ಆಗಿತ್ತು. ನಗರ ವಿಸ್ತರಿಸಿ ಭೂಮಿಯ ಬೆಲೆ ಏರಿದಾಗ ಷರತ್ತು ಹಿಂದೆ ಸರಿದು ಒಡೆತನ ಮಾತ್ರ ಮುಂದೆ ಬಂದಿತು. ಶಿಕಂ ನೆಲ ಸಣ್ಣ ಸಣ್ಣ ತುಂಡುಗಳಾಗಿ, ಅನೇಕ ಸಲ ನೋಂದಣಿಯಿಲ್ಲದೆ ಬರೀ ನೋಟರಿ ಕಾಗದದ ಮೇಲೆ, ನಗರಕ್ಕೆ ಹೊಸದಾಗಿ ಬಂದ ಕಾರ್ಮಿಕರಿಗೆ ಮಾರಾಟವಾಯಿತು. ಮಾರಿದವನಿಗೆ ಅದು ಕೆರೆಯೆಂದು ತಿಳಿದಿತ್ತು. ಕೊಂಡವನು ಚೀಟಿ ಹಣ ಎತ್ತಿ, ಹೆಂಡತಿಯ ಒಡವೆ ಮಾರಿ ಅರವತ್ತು ಗಜದ ಜಾಗ ಕೊಂಡಾಗ ಅವನ ಮುಂದಿದ್ದದ್ದು ಒಣ ನೆಲ, ಮೇಲೊಂದು ಸುಣ್ಣದ ಗೆರೆ, ಕೈಯಲ್ಲೊಂದು ಛಾಪಾ ಕಾಗದ. ಮುಂದೆ ವಿದ್ಯುತ್ ಮೀಟರು ಬಂದಿತು, ನಲ್ಲಿ ಬಂದಿತು, ಮನೆ ತೆರಿಗೆಯ ರಸೀದಿಯೂ ಬಂದಿತು. ಸರ್ಕಾರದ ಒಂದು ಇಲಾಖೆ ಅತಿಕ್ರಮಣವೆಂದು ಕರೆಯುವ ಮನೆಯಿಂದ ಇನ್ನೊಂದು ಇಲಾಖೆ ದಶಕಗಳ ಕಾಲ ತೆರಿಗೆ ಪಡೆದಿರುವಾಗ, ತಪ್ಪನ್ನೆಲ್ಲ ಆ ಮನೆಯವನ ಮೇಲೆ ಹೊರಿಸುವುದಕ್ಕೆ ನೈತಿಕ ಆಧಾರ ಉಳಿಯುವುದಿಲ್ಲ.

ನೆಲತುಂಬಿಕೆಯಿಂದ ಮೊದಲು ಸ್ಥಾನ ಕಳೆದುಕೊಂಡವರು ಈ ಕೊಂಡವರಲ್ಲ. ಅವರಿಗಿಂತ ಹಿಂದೆ ಆ ನೀರನ್ನೇ ನಂಬಿದವರು. ತೆಲಂಗಾಣದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗಂಗಪುತ್ರ ಮತ್ತು ಮುದಿರಾಜ ಸಮುದಾಯಗಳ ಸಹಕಾರ ಸಂಘಗಳ ಕೈಯಲ್ಲಿರುವುದು ವಾಡಿಕೆ. ಕರ್ನಾಟಕದ ಗಂಗಾಮತಸ್ಥರದನ್ನು ಹೋಲುವ ಬದುಕು ಅವರದು. ಅವರೊಡನೆ ಬಟ್ಟೆ ಒಗೆಯುವ ರಜಕರು, ದನ ಎಮ್ಮೆ ಸಾಕಿದವರು, ಕೆರೆಯ ಮಣ್ಣನ್ನು ಬಳಸುವ ಕುಂಬಾರರು, ತೂಬಿನ ಕೆಳಗಿನ ಗದ್ದೆಯವರು ಎಲ್ಲರೂ ನೀರಿನ ಅಂಚನ್ನು ಹಂಚಿಕೊಂಡಿದ್ದರು. ಬತುಕಮ್ಮ ಹಬ್ಬದಲ್ಲಿ ಹೆಂಗಸರು ಹೂವಿನ ಗೋಪುರಗಳನ್ನು ಬಿಡುವುದೂ ಈ ಕೆರೆಗಳಲ್ಲೇ. ಕಾರ್ಖಾನೆಗಳ ತ್ಯಾಜ್ಯವೂ ಹೊಸ ಬಡಾವಣೆಗಳ ಕೊಳಚೆಯೂ ನಾಲಾಕ್ಕೆ ಸೇರತೊಡಗಿದಾಗ ಮೊದಲು ಮೀನು ಹೋಯಿತು, ಅನಂತರ ಒಗೆಯುವ ನೀರು ಹೋಯಿತು. ಕೆರೆಯ ವಿಸ್ತೀರ್ಣ ಕಾಗದದ ಮೇಲೆ ಇನ್ನೂ ಕಡಿಮೆಯಾಗಿರದ ಕಾಲದಲ್ಲೇ ಈ ಕಸುಬುಗಳು ನೆಲೆ ತಪ್ಪಿದವು. ಕಸುಬಿನ ಈ ಸ್ಥಾನಪಲ್ಲಟವನ್ನು ಆಗ ಯಾರೂ ಸ್ಥಳಾಂತರವೆಂದು ಎಣಿಸಲಿಲ್ಲ, ಏಕೆಂದರೆ ಯಾರ ಮನೆಯೂ ಬಿದ್ದಿರಲಿಲ್ಲ. ಜೀಡಿಮೆಟ್ಲದಲ್ಲಿ 1980ರ ದಶಕದ ಕೊನೆಗೆ ಕಾರ್ಖಾನೆಗಳ ಸಾಮೂಹಿಕ ತ್ಯಾಜ್ಯ ಶುದ್ಧೀಕರಣ ಘಟಕ ಬಂದದ್ದೂ, 2006ರಿಂದ ಜಪಾನಿನ ಸಾಲದ ನೆರವಿನಿಂದ ಹುಸೇನ್ ಸಾಗರ ಸುಧಾರಣೆಯ ಯೋಜನೆ ನಡೆದದ್ದೂ, ಫತೇನಗರದಲ್ಲಿ ಇತ್ತೀಚೆಗೆ ದೊಡ್ಡ ಕೊಳಚೆ ಶುದ್ಧೀಕರಣ ಘಟಕ ಕಟ್ಟಿದ್ದೂ ಅಗತ್ಯವಾದ ಕೆಲಸಗಳೇ. ಆದರೆ ಅವು ಹೋದ ಕಸುಬನ್ನು ಮರಳಿ ತಂದುಕೊಡಲಾರವು.

ನಾಲಾದ ಕೆಳತುದಿಯಲ್ಲಿ ಹುಸೇನ್ ಸಾಗರದ ಅಂಚಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. 1990ರ ದಶಕದಲ್ಲಿ ಆ ಸರೋವರದ ಅಂಚಿನ ತುಂಬುನೆಲದ ಮೇಲೆ ನೆಕ್ಲೆಸ್ ರಸ್ತೆಯೂ ಉದ್ಯಾನಗಳೂ ಮನರಂಜನಾ ತಾಣಗಳೂ ಬಂದವು. ಇದು ಸರ್ಕಾರವೇ ಮಾಡಿದ ನೆಲತುಂಬಿಕೆ. ಪರಿಸರ ಸಂಘಟನೆಗಳು ನ್ಯಾಯಾಲಯದವರೆಗೆ ಹೋದರೂ ಅಲ್ಲಿನ ರಸ್ತೆಯನ್ನಾಗಲಿ ಉದ್ಯಾನಗಳನ್ನಾಗಲಿ ಅತಿಕ್ರಮಣವೆಂದು ಯಾವ ನಕ್ಷೆಯೂ ತೋರಿಸುವುದಿಲ್ಲ. ಬೆಂಗಳೂರಿನ ಅನುಭವವೂ ಇದಕ್ಕೆ ಭಿನ್ನವಲ್ಲ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದಾಗ ಅವು ನಗರದ ಹೆಮ್ಮೆಗಳಾದವು. 2015ರಲ್ಲಿ ಸಾರಕ್ಕಿ ಮತ್ತು ಬಾಣಸವಾಡಿ ಕೆರೆಗಳ ಅಂಚಿನ ಮನೆಗಳ ಮೇಲೆ ಯಂತ್ರ ಬಂದಾಗ ಮಾತ್ರ ಕೆರೆ ಪವಿತ್ರವಾದದ್ದು ಎಂಬ ನೆನಪು ಆಡಳಿತಕ್ಕೆ ಬಂದಿತು. ಕೆರೆಯ ರಕ್ಷಣೆ ಬೇಡವೆಂದು ಇದರ ಅರ್ಥವಲ್ಲ. ಕೆರೆಯನ್ನು ತುಂಬಿದ್ದು ಯಾರು ಎಂಬುದರ ಮೇಲೆ ಅದು ಅಭಿವೃದ್ಧಿಯೋ ಅಪರಾಧವೋ ಎಂಬುದು ತೀರ್ಮಾನವಾಗಬಾರದು ಎಂಬುದಷ್ಟೇ ಇಲ್ಲಿನ ವಾದ.

ನೆಲತುಂಬಿಕೆ ಹೊಸ ನೆಲವನ್ನು ಸೃಷ್ಟಿಸುತ್ತದೆ ಎಂಬ ನಂಬಿಕೆಯೇ ತಪ್ಪು. ಒಂದು ಕೆರೆಯಲ್ಲಿ ನಿಲ್ಲುತ್ತಿದ್ದ ನೀರಿಗೆ ಜಾಗವಿಲ್ಲದಂತೆ ಮಾಡಿದರೆ ಆ ನೀರು ಕೆಳಗಿನ ತಗ್ಗಿಗೆ ಹೋಗುತ್ತದೆ, ಮತ್ತು ನಗರದಲ್ಲಿ ತಗ್ಗಿನಲ್ಲಿರುವುದು ಬಡವರ ಕೇರಿ. 2000ದ ಆಗಸ್ಟ್ 24ರಂದು ಹೈದರಾಬಾದಿನಲ್ಲಿ ಒಂದೇ ದಿನ ಸುಮಾರು 24 ಸೆಂಟಿಮೀಟರ್ ಮಳೆಯಾದಾಗ ಕೂಕಟ್‌ಪಲ್ಲಿ ನಾಲಾ ಉಕ್ಕಿ ಬೇಗಂಪೇಟೆಯ ಸುತ್ತಲಿನ ವಸತಿಗಳು ಮುಳುಗಿದವು. 2020ರ ಅಕ್ಟೋಬರ್ 13ರ ರಾತ್ರಿ ಸುಮಾರು 19 ಸೆಂಟಿಮೀಟರ್ ಮಳೆ ಬಿದ್ದ ಮೇಲೆ ಮೇಲ್ಭಾಗದ ಫಾಕ್ಸ್ ಸಾಗರ ಕೆರೆಯ ಅಂಚಿನ ಉಮಾಮಹೇಶ್ವರ ಕಾಲೋನಿ ದಿನಗಟ್ಟಲೆ ನೀರಿನಲ್ಲಿ ನಿಂತಿತು. ನಾಲಾ ದಂಡೆಯ ಬಸ್ತಿಯಲ್ಲಿ ನೀರು ನುಗ್ಗಿದಾಗ ಹೋಗುವುದು ಗೋಡೆಗಿಂತ ಹೆಚ್ಚಾಗಿ ಒಳಗಿನ ಸಾಮಾನು: ಅಕ್ಕಿ ಮೂಟೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ, ಪಡಿತರ ಚೀಟಿ, ಮತ್ತು ಮುಂದೆ ಹಕ್ಕು ಕೇಳಲು ಬೇಕಾಗುವ ತೆರಿಗೆ ರಸೀದಿಗಳು. ಪ್ರವಾಹದ ನಂತರ ನಾಲಾವನ್ನು ಅಗಲಗೊಳಿಸುವ ಯೋಜನೆ ಬರುತ್ತದೆ. ಆ ಯೋಜನೆಗೆ ಬೇಕಾಗುವುದು ಮುಳುಗಿದ ಅದೇ ಮನೆಗಳ ನೆಲ.

ಈ ಹಿನ್ನೆಲೆಯಲ್ಲಿ 2024ರ ಘಟನೆಗಳನ್ನು ನೋಡಬೇಕು. ಆ ವರ್ಷದ ಜುಲೈ ತಿಂಗಳಲ್ಲಿ ತೆಲಂಗಾಣ ಸರ್ಕಾರ ಕೆರೆಗಳ ಮತ್ತು ಸರ್ಕಾರಿ ಆಸ್ತಿಯ ರಕ್ಷಣೆಗಾಗಿ ಹೈಡ್ರಾ ಎಂಬ ಸಂಸ್ಥೆಯನ್ನು ರಚಿಸಿತು. ಆಗಸ್ಟ್ 24ರಂದು ಮಾದಾಪುರದ ಬಳಿಯ ತಮ್ಮಿಡಿಕುಂಟ ಕೆರೆಯ ದೊಡ್ಡ ಸಭಾಂಗಣವೊಂದನ್ನು ಅದು ಕೆಡವಿದಾಗ, ಪ್ರಬಲರ ಕಟ್ಟಡವನ್ನೂ ಬಿಡಲಿಲ್ಲವೆಂದು ಜನ ಮೆಚ್ಚಿದರು. ಆ ಮೆಚ್ಚುಗೆಗೆ ಕಾರಣವಿತ್ತು. ಆದರೆ ಸೆಪ್ಟೆಂಬರ್ 22ರಂದು ಬಾಲಾನಗರಕ್ಕೆ ಸಮೀಪದ ಕೂಕಟ್‌ಪಲ್ಲಿ ನಲ್ಲಚೆರುವಿನಲ್ಲಿ ನಡೆದ ತೆರವಿನಲ್ಲಿ ಕೆಡವಲಾದದ್ದು ಷೆಡ್ಡುಗಳನ್ನು. ಅವುಗಳನ್ನು ಬಾಡಿಗೆಗೆ ಹಿಡಿದು ಅಡುಗೆ ಗುತ್ತಿಗೆಯಂಥ ಸಣ್ಣ ವ್ಯಾಪಾರ ನಡೆಸುತ್ತಿದ್ದವರು ಸಾಮಾನು ಸಾಗಿಸಲು ಸಮಯ ಸಿಗಲಿಲ್ಲವೆಂದು ಗೋಳಾಡಿದರು. ಅದೇ ತಿಂಗಳ ಕೊನೆಯಲ್ಲಿ ಮೂಸಿ ನದಿ ದಂಡೆಯ ಮನೆಗಳ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಆರ್‌ಬಿ-ಎಕ್ಸ್ ಎಂಬ ಗುರುತು ಬರೆಯಲಾಯಿತು. ನದಿಯ ಪಾತ್ರದೊಳಗಿರುವ, ತೆರವಾಗಬೇಕಾದ ಮನೆ ಎಂಬುದು ಆ ಗುರುತಿನ ಅರ್ಥ. ಮೂಸಾನಗರ, ಶಂಕರನಗರಗಳ ಕುಟುಂಬಗಳಿಗೆ ಸರ್ಕಾರ ಎರಡು ಕೋಣೆಯ ಮನೆಗಳನ್ನು ನೀಡಿತು. ತೆರವಿನ ಕ್ರಮವನ್ನು, ವಿಶೇಷವಾಗಿ ರಜಾದಿನಗಳಲ್ಲಿ ಯಂತ್ರ ಕಳಿಸುವುದನ್ನು, ಹೈಕೋರ್ಟು ಕಟುವಾಗಿ ಪ್ರಶ್ನಿಸಿದ ಮೇಲೆ, ಹಿಂದಿನಿಂದ ಜನ ವಾಸವಾಗಿರುವ ಮನೆಗಳನ್ನು ಕೆಡವುವುದಿಲ್ಲವೆಂದು ಸಂಸ್ಥೆ ಪ್ರಕಟಿಸಿತು. ಆ ಮಾತಿನಿಂದ ಭಯ ಕಡಿಮೆಯಾಗಿರಬಹುದು; ಹಕ್ಕು ಹುಟ್ಟಲಿಲ್ಲ.

ಹಕ್ಕಿನ ಪ್ರಶ್ನೆ ಗೆರೆಯ ಪ್ರಶ್ನೆಯೊಡನೆ ಹೆಣೆದುಕೊಂಡಿದೆ. ಕೆರೆ ಪೂರ್ತಿ ತುಂಬಿದಾಗ ನೀರು ತಲಪುವ ಗಡಿಯನ್ನು ಪೂರ್ಣ ತುಂಬು ಮಟ್ಟ ಎನ್ನುತ್ತಾರೆ. ಬಸ್ತಿಗಳಲ್ಲಿ ಹೆಂಗಸರೂ ಮಕ್ಕಳೂ ಈಗ ಅದಕ್ಕೆ ಬಳಸುವ ಮಾತು ಎಫ್‌ಟಿಎಲ್. ಅದರಾಚೆಗಿನ ಪಟ್ಟಿಯನ್ನು ಬಫರ್ ಎನ್ನುತ್ತಾರೆ. 2012ರ ಕಟ್ಟಡ ನಿಯಮಗಳ ಪ್ರಕಾರ 10 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕೆರೆಗೆ 30 ಮೀಟರ್, ಚಿಕ್ಕ ಕೆರೆ ಕುಂಟೆಗಳಿಗೆ 9 ಮೀಟರ್, 10 ಮೀಟರಿಗಿಂತ ಅಗಲವಾದ ನಾಲಾಕ್ಕೆ 9 ಮೀಟರ್, ಕಿರಿದಾದದ್ದಕ್ಕೆ 2 ಮೀಟರ್ ಅಂತರ ಬಿಡಬೇಕು. ನಿಯಮ ಸ್ಪಷ್ಟವಾಗಿದೆ, ಆದರೆ ಅಂತರವನ್ನು ಎಲ್ಲಿಂದ ಅಳೆಯಬೇಕೆಂಬುದೇ ಸ್ಪಷ್ಟವಿಲ್ಲ. 2010ರಲ್ಲಿ ರಚನೆಯಾದ ಕೆರೆ ಸಂರಕ್ಷಣಾ ಸಮಿತಿ ಮಹಾನಗರ ಪ್ರದೇಶದ ಕೆರೆಗಳ ಗಡಿ ಗುರುತಿಸುವ ಕೆಲಸ ಆರಂಭಿಸಿ ಹದಿನಾಲ್ಕು ವರ್ಷಗಳಾದರೂ, ಹೈಡ್ರಾದ ಯಂತ್ರಗಳು ಹೊರಟಾಗ ಅನೇಕ ಕೆರೆಗಳಿಗೆ ಆಗಿದ್ದದ್ದು ಪ್ರಾಥಮಿಕ ಅಧಿಸೂಚನೆ ಮಾತ್ರ. ಆಕ್ಷೇಪಗಳನ್ನು ಆಲಿಸಿ ಅಂತಿಮಗೊಳಿಸುವ ಹಂತ ಬಾಕಿಯಿತ್ತು. ಗೆರೆ ಅಂತಿಮವಾಗುವ ಮೊದಲೇ ಗೆರೆಯೊಳಗಿನ ಮನೆ ಬೀಳುವುದು ಯಾವ ಕಾನೂನಿನ ತರ್ಕಕ್ಕೂ ಒಪ್ಪುವಂಥದಲ್ಲ.

ಕಾನೂನಿನ ರಕ್ಷಣೆ ನೀರಿನ ಅಂಚಿಗೆ ಬಂದಾಗ ತೆಳುವಾಗುವ ರೀತಿಯನ್ನು ಇನ್ನೆರಡು ಕಡೆ ಕಾಣಬಹುದು. 2014ರ ಜನವರಿಯಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆ, ಒಡೆತನವಿಲ್ಲದಿದ್ದರೂ ನಗರದ ಒಂದು ಜಾಗದಲ್ಲಿ ಮೂರು ವರ್ಷ ವಾಸಿಸಿದ ಅಥವಾ ಅಲ್ಲಿ ಜೀವನೋಪಾಯ ಹೊಂದಿದ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಗುರುತಿಸುತ್ತದೆ. ಬಡವರ ಪರವಾದ ಈ ವ್ಯಾಖ್ಯಾನ ಕೆಲಸ ಮಾಡಬೇಕಾದರೆ ಸರ್ಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಬೇಕು; ಕೆರೆಯ ನೆಲ ಮೊದಲೇ ಸರ್ಕಾರದ್ದು ಎಂದಾಗ ಸ್ವಾಧೀನವೂ ಇಲ್ಲ, ಕಾಯ್ದೆಯೂ ಇಲ್ಲ. ಬಾಲಾನಗರದಲ್ಲಿಯೇ ಇದರ ವ್ಯತ್ಯಾಸ ಕಾಣುತ್ತದೆ: 2021ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ, ಬಾಬು ಜಗಜೀವನ್ ರಾಂ ಹೆಸರಿನ ಮೇಲ್ಸೇತುವೆಗಾಗಿ ನರ್ಸಾಪುರ ಕೂಡುರಸ್ತೆಯ ಕಟ್ಟಡಗಳನ್ನು ತೆಗೆದುಕೊಂಡಾಗ ಒಟ್ಟು ವೆಚ್ಚದ ಹೆಚ್ಚಿನ ಪಾಲು ಭೂಪರಿಹಾರಕ್ಕೇ ಹೋಯಿತು. ಪಟ್ಟಾ ಇದ್ದವರಿಗೆ ಅದು ದಕ್ಕಬೇಕಾದದ್ದೇ. ಕೆಲವೇ ಕಿಲೊಮೀಟರ್ ದೂರದ ನಾಲಾ ದಂಡೆಯ ಬಾಡಿಗೆದಾರನಿಗೆ ಅಂಥ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಎರಡನೆಯದು 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು. ಮನೆ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸು ಕೊಡಬೇಕೆಂದು ಆಡಳಿತಗಳ ದಬ್ಬಾಳಿಕೆಗೆ ಕಡಿವಾಣ ಹಾಕಿದ ಆ ಮಹತ್ವದ ತೀರ್ಪು, ರಸ್ತೆ, ಕಾಲುದಾರಿ, ರೈಲು ಹಳಿಯ ಬದಿ, ನದಿ ಮತ್ತು ಜಲಮೂಲಗಳ ಅನಧಿಕೃತ ಕಟ್ಟಡಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ ಎಂದೂ ಹೇಳಿದೆ. ಭಾರತದ ನಗರಗಳಲ್ಲಿ ಅತಿ ಬಡವರು ವಾಸಿಸುವುದು ಈ ಜಾಗಗಳಲ್ಲೇ. ಜೀವನೋಪಾಯವೂ ಜೀವಿಸುವ ಹಕ್ಕಿನ ಭಾಗವೆಂದು 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸಾರಿದ ನ್ಯಾಯಾಲಯದಿಂದ ಈ ವಿನಾಯಿತಿಯ ಮರುಪರಿಶೀಲನೆಯನ್ನು ಅಪೇಕ್ಷಿಸುವುದು ಅತಿಯಾಸೆಯಲ್ಲ.

ಕನ್ನಡ ಕರಾವಳಿಯಲ್ಲಿ ಇದೇ ಪ್ರಶ್ನೆ ಬೇರೆ ಪ್ರಮಾಣದಲ್ಲಿ ಎದುರಾಗಿದೆ. ಮಂಗಳೂರಿನ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನು ಅಗೆದು ಕಡಲನ್ನು ಒಳಕ್ಕೆ ಬರಮಾಡಿಕೊಂಡು ನಿರ್ಮಿಸಿದ, 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗಾಗಿ ಒಕ್ಕಲೆದ್ದ ಕುಟುಂಬಗಳನ್ನು ಸುರತ್ಕಲ್ ಬಳಿಯ ಕೃಷ್ಣಾಪುರ, ಕಾಟಿಪಳ್ಳಗಳಲ್ಲಿ ನೆಲೆಗೊಳಿಸಲಾಯಿತು. ಕಡಲಂಚಿನ ಬದುಕಿನಿಂದ ಬಂದವರಿಗೆ ಒಳನಾಡಿನ ನಿವೇಶನ ಮನೆಯನ್ನು ಕೊಟ್ಟಿತು, ಕಡಲನ್ನು ಕೊಡಲಿಲ್ಲ. ಕಾರವಾರದಲ್ಲಿ 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಅರಗಾ, ಬಿಣಗಾ, ಚೆಂಡಿಯಾ ಮುಂತಾದ ಊರುಗಳ ರೈತರೂ ಮೀನುಗಾರರೂ ಸಾವಿರಾರು ಸಂಖ್ಯೆಯಲ್ಲಿ ಸ್ಥಳ ಬಿಟ್ಟರು. ಹೆಚ್ಚಿನ ಪರಿಹಾರಕ್ಕಾಗಿ ಅವರಲ್ಲಿ ಅನೇಕರು ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಶರಾವತಿಯ ಅಳಿವೆಯ ಮರಳು ದಿಬ್ಬದ ಮೇಲೆ ಮೀನು ಒಣಗಿಸುವ ಹೆಂಗಸರು ಖಾಸಗಿ ಬಂದರಿನ ವಿರುದ್ಧ ಬೀದಿಗಿಳಿದಾಗ ಎದ್ದ ಪ್ರಶ್ನೆ ಬಾಲಾನಗರದ ಬಸ್ತಿಯದೇ: ತಲೆಮಾರುಗಳಿಂದ ಬಳಸಿದ ನೆಲ ದಾಖಲೆಯಲ್ಲಿ ತಮ್ಮ ಹೆಸರಿನಲ್ಲಿಲ್ಲದಿದ್ದರೆ ಅದು ಯಾರದು? ಕೆರೆಗೆ ಪೂರ್ಣ ತುಂಬು ಮಟ್ಟವಿದ್ದಂತೆ ಕಡಲಿಗೆ ಭರತರೇಖೆ, ಅಂದರೆ ಉಬ್ಬರದ ನೀರು ತಲಪುವ ಗಡಿ ಇದೆ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅದರಿಂದ ಅಳೆದು ಕಟ್ಟಡಗಳನ್ನು ನಿರ್ಬಂಧಿಸಿತ್ತು. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಗೆರೆಯನ್ನು ಸಡಿಲಿಸುವ ಅಧಿಕಾರ ಇರುವಾಗ ಅದು ಮೀನುಗಾರರ ಹಿತಕ್ಕಿಂತ ಹೂಡಿಕೆಯ ಹಿತಕ್ಕೆ ಬೇಗ ಒದಗಿಬರುತ್ತದೆ ಎಂಬ ಆತಂಕ ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿದೆ.

ಪುನರ್ವಸತಿಯ ಮಾತಿಗೆ ಬಂದರೆ, ಮನೆಯ ಗುಣಮಟ್ಟಕ್ಕಿಂತ ಅದು ಎಲ್ಲಿದೆ ಎಂಬುದೇ ನಿರ್ಣಾಯಕ. 2023ರ ಜೂನ್‌ನಲ್ಲಿ ಉದ್ಘಾಟನೆಯಾದ, ಹೈದರಾಬಾದ್ ಬಳಿಯ ಕೊಲ್ಲೂರಿನ ವಸತಿ ಸಮುಚ್ಚಯದಲ್ಲಿ 15,660 ಮನೆಗಳಿವೆ. ಬಡವರಿಗಾಗಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಕಟ್ಟಿದ್ದು ಮೆಚ್ಚತಕ್ಕದ್ದು. ಆದರೆ ಅದಿರುವುದು ನಗರದಂಚಿನ ಹೊರವರ್ತುಲ ರಸ್ತೆಯ ಕಡೆ. ಬಾಲಾನಗರದ ಲೇತ್ ಕೆಲಸಗಾರನೂ ಮನೆಗೆಲಸದ ಹೆಂಗಸೂ ಅಲ್ಲಿಂದ ಬಂದು ಹೋಗುವುದೆಂದರೆ ಕೂಲಿಯ ಒಂದು ಪಾಲನ್ನೂ ದಿನದ ಕೆಲವು ಗಂಟೆಗಳನ್ನೂ ರಸ್ತೆಗೆ ಕೊಡುವುದು. ಎರಡು ಮನೆಗಳಲ್ಲಿ ಕೆಲಸ ಮಾಡುವವಳು ಒಂದನ್ನು ಬಿಡಬೇಕಾಗುತ್ತದೆ. ಬಾಡಿಗೆದಾರರ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಬಸ್ತಿಯಲ್ಲಿ ಬಾಡಿಗೆಗೆ ಇರುವವರನ್ನು ಪುನರ್ವಸತಿಯ ಪಟ್ಟಿ ಸಾಮಾನ್ಯವಾಗಿ ಎಣಿಸುವುದೇ ಇಲ್ಲ. ಬೀದರಿನಿಂದಲೋ ಪಾಲಮೂರಿನಿಂದಲೋ ಬಿಹಾರದಿಂದಲೋ ಬಂದ ಒಂದು ಕೋಣೆಯ ಸಂಸಾರ ಇನ್ನೊಂದು ನಾಲಾದ ಅಂಚಿಗೆ ಸರಿಯುತ್ತದೆ. ತೆರವಾದ ಕೆರೆಗೆ ಬೇಲಿ, ನಡೆದಾಡುವ ಹಾದಿ, ದೀಪಗಳು ಬಂದ ಮೇಲೆ ಅದರೆದುರಿನ ನಿವೇಶನಗಳ ಬೆಲೆ ಏರುವುದರಿಂದ, ಯಂತ್ರ ಬರದ ಓಣಿಗಳಲ್ಲೂ ಬಾಡಿಗೆ ಏರಿ ಬಡವರು ಹೊರಟು ಹೋಗುತ್ತಾರೆ. ಆ ಹೊರಡುವಿಕೆಯನ್ನು ದಾಖಲಿಸುವ ಕಡತವಿಲ್ಲ.

ಬಾಲಾನಗರ ಈಗ ಮತ್ತೊಂದು ಬದಲಾವಣೆಯ ಹೊಸ್ತಿಲಲ್ಲಿದೆ. ಹೊರವರ್ತುಲ ರಸ್ತೆಯೊಳಗಿನ 9 ಸಾವಿರ ಎಕರೆಗೂ ಮಿಕ್ಕಿದ ಹಳೆಯ ಕೈಗಾರಿಕಾ ಭೂಮಿಯನ್ನು ಶುಲ್ಕ ಪಡೆದು ವಸತಿ, ವಾಣಿಜ್ಯ ಮುಂತಾದ ಬಹುಬಳಕೆಗೆ ಬದಲಾಯಿಸಲು ಅವಕಾಶ ಕೊಡುವ ನೀತಿಯನ್ನು ತೆಲಂಗಾಣ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿತು. ಬಾಲಾನಗರ, ಜೀಡಿಮೆಟ್ಲ, ಸನತ್‌ನಗರದಂಥ ಪ್ರದೇಶಗಳು ಅದರ ವ್ಯಾಪ್ತಿಯಲ್ಲಿವೆ. ಇನ್ನೊಂದೆಡೆ, 1990ರ ದಶಕದಲ್ಲಿ ರೋಗಗ್ರಸ್ತವಾಗಿ ನಿಂತುಹೋದ ಐಡಿಪಿಎಲ್‌ನ ವಿಶಾಲ ಭೂಮಿಯ ಭವಿಷ್ಯ ವಿವಾದದಲ್ಲಿದೆ. ಕಾರ್ಖಾನೆಗಳು ಹೋದರೆ ನಾಲಾ ದಂಡೆಯ ಬಸ್ತಿಗೆ ಅಲ್ಲಿರುವ ಕಾರಣವೇ ಹೋಗುತ್ತದೆ, ಮತ್ತು ಎತ್ತರದ ನೆಲದಲ್ಲಿ ಏಳುವ ಗೋಪುರಗಳ ಮಳೆನೀರು ಅದೇ ನಾಲಾಕ್ಕೆ ಇಳಿಯುತ್ತದೆ. ಆದರೆ ದಶಕಗಳಿಂದ ಹುಡುಕಿದರೂ ಸಿಗಲಿಲ್ಲವೆಂದು ಆಡಳಿತ ಹೇಳುತ್ತ ಬಂದ, ಬಸ್ತಿಗಳಿಗೆ ಹತ್ತಿರದ, ನೀರು ನುಗ್ಗದ ಎತ್ತರದ ನೆಲ ಈ ನೀತಿಯಿಂದಲೇ ಮೊದಲ ಬಾರಿಗೆ ದೊರೆಯುವಂತಾಗಿದೆ. ಕೆರೆಯೂ ಉಳಿಯಬೇಕು, ಜನರೂ ಉಳಿಯಬೇಕು ಎಂಬುದು ಪ್ರಾಮಾಣಿಕ ಮಾತಾಗಿದ್ದರೆ, ಬಳಕೆ ಬದಲಾಗುವ ಪ್ರತಿಯೊಂದು ಕೈಗಾರಿಕಾ ನಿವೇಶನದಲ್ಲೂ ಒಂದು ಪಾಲನ್ನು ಅದೇ ವಾರ್ಡಿನ ನಾಲಾ ದಂಡೆಯ ಕುಟುಂಬಗಳಿಗೆ, ಬಾಡಿಗೆದಾರರನ್ನೂ ಸೇರಿಸಿ, ಮೀಸಲಿಡುವ ಷರತ್ತನ್ನು ಸರ್ಕಾರ ಈ ನೀತಿಗೆ ಸೇರಿಸಬೇಕು. ಆ ಮನೆಗಳು ಸಿದ್ಧವಾಗುವವರೆಗೆ, ಕೆರೆಗಳ ಗಡಿ ಬಸ್ತಿಯ ಸಭೆಯಲ್ಲಿ ಓದಿ ಹೇಳಿ ಅಂತಿಮಗೊಳ್ಳುವವರೆಗೆ, ವಾಸದ ಮನೆಯ ಗೋಡೆಗೆ ಕೆಂಪು ಗುರುತು ಹಾಕುವುದನ್ನು ನಿಲ್ಲಿಸಬೇಕು.